ಎತ್ತು ಕೊಟ್ಟು ಎಂಜಿನ್ ಕೊಂಡದ್ದು

ಯಂತ್ರಗಳ ವಿಷಯದಲ್ಲಿ ನಾನು ಬುದ್ಧಿವಂತ ಎಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ಚಾಮರಾಜನಗರದ ಅಂಗಡಿ ಬೀದಿಯಲ್ಲಿ ಜವಳಿ ಅಂಗಡಿ ಇಟ್ಟುಕೊಂಡು ಸೀರೆ ಮಡಚುತ್ತ ಕೂತವನೊಳಗೆ ಇಂಥ ವಿದ್ಯೆ ಅಡಗಿದೆಯೆಂದು ಊರಿಗೆ ತಿಳಿಯುವುದಾದರೂ ಹೇಗೆ? ತಿಳಿಸಿಯೇ ಬಿಡೋಣವೆಂದು ಒಂದು ಮೋಟಾರ್ ಸೈಕಲ್ ಕೊಂಡೆ. ಆ ಐವತ್ತರ ದಶಕದಲ್ಲಿ ನಮ್ಮೂರಿನಲ್ಲಿ ಆ ವಾಹನ ಇದ್ದದ್ದು ಪೊಲೀಸಿನವರ ಹತ್ತಿರ ಮಾತ್ರ. ಅದರ ಸದ್ದು ಕೇಳಿದರೆ ಜನ ಓಡಿಹೋಗುತ್ತಿದ್ದರು. ನನ್ನದರ ಸದ್ದು ಕೇಳಿದರೆ ಓಡಿಬರಬೇಕು ಎಂಬುದು ನನ್ನ ಆಸೆ.

ಕೊಳ್ಳುವುದಕ್ಕೆ ಒಂದು ಸಣ್ಣ ಅಡಚಣೆ ಇತ್ತು. ಕೈಯಲ್ಲಿ ಹಣ ಸಾಲದು. ಆದಕಾರಣ ಮನೆಯ ಜೋಡೆತ್ತನ್ನು ಗಾಡಿ ಸಮೇತ ಮಾರಿದೆ. ಕೆಂಚ ಮತ್ತು ಕರಿಯ ಎಂಬ ಆ ಎತ್ತುಗಳು ನನ್ನ ಹೆಂಡತಿ ಗೌರಮ್ಮನ ಜೊತೆ ಗುಂಡ್ಲುಪೇಟೆಯ ತವರಿನಿಂದ ಬಳುವಳಿಯಾಗಿ ಬಂದವು. ಬಂದಾಗ ಇನ್ನೂ ಕರುಗಳು. ಬೂಸಾ, ಹಿಂಡಿ ಕಲಸಿ ತನ್ನ ಕೈಯಾರೆ ತಿನ್ನಿಸಿ ಬೆಳೆಸಿದವಳು ಅವಳು. ಕೊಳ್ಳಲು ಬಂದವನು ಹರದನಹಳ್ಳಿಯ ರೈತ ನಂಜಪ್ಪ. ಅವನು ಹಲ್ಲು ನೋಡಿದ, ಸುಳಿ ನೋಡಿದ, ಗೊರಸು ಎತ್ತಿ ನೋಡಿದ, ಬಾಲದ ತನಕ ಹೋಗಿ ಮತ್ತೆ ಹಲ್ಲಿಗೇ ಬಂದ. ನನಗೆ ತಾಳ್ಮೆ ತಪ್ಪಿತು.

"ನಂಜಪ್ಪ, ಕಂಪನಿಯೋರು ಮೋಟಾರ್ ಸೈಕಲ್ಲಿಗೆ ಆರು ತಿಂಗಳು ಗ್ಯಾರಂಟಿ ಕೊಡ್ತಾರೆ. ನಾನು ಎತ್ತಿಗೆ ಒಂದು ವರ್ಷ ಕೊಡ್ತೀನಿ. ಅಷ್ಟರಲ್ಲಿ ಕುಂಟಿದ್ರೆ ಹೊಡ್ಕೊಂಡು ಬಾ. ನಿನ್ನ ದುಡ್ಡು ನಿಂಗೆ, ಎತ್ತು ನಂಗೆ" ಎಂದೆ.

"ಕುಂಟ್ದೆ ಇದ್ರ ಸಾವ್ಕಾರ್ರೆ?"

"ಕುಂಟ್ದೆ ಇದ್ರೆ ನಿಂದೇ ಕಣಯ್ಯ. ಆಮೇಲೆ ನಾನೇ ಬಂದು ಕೇಳಿದ್ರೂ ಕೊಡಬೇಡ" ಎಂದು ನಕ್ಕೆ. ನಂಜಪ್ಪ ನಗಲಿಲ್ಲ. ಅವನು ಆ ಮಾತನ್ನು ಟವಲಿನ ತುದಿಗೆ ಗಂಟು ಹಾಕಿಕೊಂಡವನ ಹಾಗೆ ಗಂಭೀರವಾಗಿ ಎದ್ದು ಹೋದ.

ಗೌರಮ್ಮ ಮಾತು ಬಿಟ್ಟಳು. ಮೋಟಾರ್ ಸೈಕಲ್ ಮೈಸೂರಿನಿಂದ ಬಂದ ದಿನ ಅದರ ಮುಂದೆ ನಿಂತು ಕೇಳಿದಳು.

"ಕೆಂಚ, ಕರಿಯ ಆದ್ರ ನಾನು ಕೂಗುದ್ರ ತಿರುಗಿ ನೋಡವು. ಇದು ನೋಡ್ತದಾ?"

"ಹಾರನ್ ಒತ್ತಿದ್ರೆ ಇದೇ ಕೂಗ್ತದೆ" ಎಂದೆ. ಆಗ ನನಗೆ ಅದು ಒಳ್ಳೆಯ ಉತ್ತರವೆಂದೇ ಅನ್ನಿಸಿತ್ತು.

ಮೋಟಾರ್ ಸೈಕಲ್ಲಿನ ಜೊತೆಗೆ ಒಂದು ಇಂಗ್ಲಿಷ್ ಪುಸ್ತಕ ಕೊಟ್ಟಿದ್ದರು. ಮೊದಲ ಸಾವಿರ ಮೈಲಿ ವೇಗವಾಗಿ ಓಡಿಸಕೂಡದು, ಓಡಿಸಿ ಎಂಜಿನ್ ಕೆಟ್ಟರೆ ಗ್ಯಾರಂಟಿ ಇಲ್ಲ ಎಂಬುದು ಅದರ ತಾತ್ಪರ್ಯ. ನಾನು ಕಾನೂನಿಗೆ ತಲೆಬಾಗುವ ಮನುಷ್ಯ. ಚಂದಕವಾಡಿ ರಸ್ತೆಯಲ್ಲಿ ಬಾಡಿಗೆ ಸೈಕಲ್ಲಿನವರು ನನ್ನನ್ನು ಹಿಂದೆ ಹಾಕಿದರು. ಒಬ್ಬ ಮುದುಕಪ್ಪನಂತೂ ನಡೆದುಕೊಂಡೇ ನನ್ನ ಜೊತೆ ಬಹಳ ದೂರ ಬಂದು, ಮಗಳ ಮನೆಯ ಕಷ್ಟಸುಖವನ್ನೆಲ್ಲ ಹೇಳಿ ಮುಗಿಸಿದ. ನಾನು ತಾಳ್ಮೆಯಿಂದ ಕೇಳಿದೆ. ಗ್ಯಾರಂಟಿ ಮುಖ್ಯ.

ಅಷ್ಟರಲ್ಲಿ ಗುಂಡ್ಲುಪೇಟೆಯಲ್ಲಿ ಭಾಮೈದ ಶಿವಣ್ಣನ ಮದುವೆ ಬಂತು. ಎತ್ತು ಮಾರಿದ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಮಾವ ಕಡಲೆಕಾಯಿ ವ್ಯಾಪಾರದವರು, ಮಾತು ಕಡಿಮೆ. ನನ್ನನ್ನು ನೋಡಿದವರು ನನ್ನ ಹಿಂದೆಯೂ ನೋಡಿದರು, ಎತ್ತು ಬಂದಿವೆಯೇ ಎನ್ನುವ ಹಾಗೆ. ಆ ನೋಟ ನನಗೆ ಚುಚ್ಚಿತು. ಕೊಟ್ಟ ಎತ್ತು ಎಂಥ ಉನ್ನತ ಸ್ಥಿತಿಗೆ ಏರಿದೆ ಎಂದು ತೋರಿಸಲು, ವರನನ್ನು ನನ್ನ ಮೋಟಾರ್ ಸೈಕಲ್ ಮೇಲೆ ಮೆರವಣಿಗೆ ಮಾಡಿಸುವುದಾಗಿ ಘೋಷಿಸಿಬಿಟ್ಟೆ.

ಅಲಂಕಾರ ನನ್ನದೇ. ಚೆಂಡು ಹೂವಿನ ಹಾರಗಳನ್ನು ತರಿಸಿ ಎಂಜಿನ್ನಿಗೆ ಸಂದು ಕಾಣದ ಹಾಗೆ ಸುತ್ತಿದೆ. ಹೆಡ್ ಲೈಟಿಗೆ ಮೂರು ಪಟ್ಟೆ ವಿಭೂತಿ ಬಳಿದೆ. ಶಿವಣ್ಣ ಪೇಟ, ಬಾಸಿಂಗ ಕಟ್ಟಿಕೊಂಡು ಹಿಂದೆ ಕೂತ. ಫೋಟೋದವನು ಬಂದು ಚಿತ್ರ ತೆಗೆದ. ಹೊರಡುವಾಗ ಅತ್ತೆ ಹತ್ತಿರ ಬಂದು ಒಂದೇ ಮಾತು ಹೇಳಿದರು.

"ದಾರೀಲಿ ಎಲ್ಲೂ ಎಂಜಿನ್ ಆರಿಸ್ಬ್ಯಾಡಿ ಕಣಪ್ಪ. ಶುಭಕಾರ್ಯದಲ್ಲಿ ದೀಪ ಆರಿಸ್ದಂಗಾಯ್ತದ."

ಆರಿಸಲಿಲ್ಲ. ಮುಂದೆ ವಾಲಗದವರು. ಅವರು ಊದುತ್ತ ನಡೆಯುವುದಕ್ಕಿಂತ ನಿಂತು ಊದುವುದೇ ಹೆಚ್ಚು. ಮನೆ ಮನೆಗೂ ಆರತಿ. ಬಿಸಿಲು ಏರಿತು. ನಾನು ಮೊದಲನೆಯ ಗೇರಿನಲ್ಲಿ, ಎರಡೂ ಕಾಲು ನೆಲಕ್ಕೆ ಊರಿಕೊಂಡು, ಕೂತೇ ನಡೆಯುತ್ತಿದ್ದೆ. ಹೂವು ಬಾಡಿದ ವಾಸನೆ ಬಂತು. ಆಮೇಲೆ ಹೂವು ಬೆಂದ ವಾಸನೆ ಬಂತು. ಅದನ್ನು ಮದುವೆ ಮನೆಯ ಪಲ್ಯ ಎಂದುಕೊಂಡೆ.

ಬಸ್ ಸ್ಟ್ಯಾಂಡಿನ ಎದುರು, ಊರೆಲ್ಲ ನೋಡುತ್ತಿರುವಾಗ, ಎಂಜಿನ್ ಒಮ್ಮೆ ಕಿರುಚಿ ನಿಂತಿತು. ಶಿವಣ್ಣ ಮುಗ್ಗರಿಸಿ ನನ್ನ ಬೆನ್ನಿಗೆ ಹಣೆ ಬಡಿದುಕೊಂಡ. ಬಾಸಿಂಗ ಮುರಿದು ನನ್ನ ಕೋಟಿಗೆ ಅಂಟಿತು. ಹಿಂದಿನಿಂದ ನೋಡಿದವರಿಗೆ ಮದುವೆ ಗಂಡು ನಾನೇ. ಕಿಕ್ಕರ್ ಒದ್ದೆ. ಅದು ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತಿತ್ತು.

"ಎತ್ತಾಗಿದ್ರ ಬಾಲ ತಿರುಚಬೋದಾಗಿತ್ತು" ಎಂದ ಜನರ ನಡುವೆ ಒಬ್ಬ.

"ಇದ್ಕೂ ಬಾಲ ಎಲ್ಲಾರ ಇದ್ದದು, ಉಡುಕ್ಲಾ" ಎಂದ ಇನ್ನೊಬ್ಬ.

ವರ ಉಳಿದ ದಾರಿಯನ್ನು ನಡೆದೇ ಮುಗಿಸಿದ. ಅತ್ತೆ ಅಂದೆಲ್ಲ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಪುಣ್ಯಕ್ಕೆ ಮದುವೆ ನಡೆಯಿತು.

ಗುಂಡ್ಲುಪೇಟೆಯಲ್ಲಿ ಊಟಿಗೆ ಹೋಗುವ ಲಾರಿಗಳನ್ನು ರಿಪೇರಿ ಮಾಡುವ ರಹೀಂ ಸಾಬರನ್ನು ಕರೆತಂದೆವು. ಅವರು ಸ್ಪ್ಯಾನರ್ ಹಿಡಿದು ಬಗ್ಗಿದ್ದೇ ತಡ, ನಾನು ಅಡ್ಡ ನಿಂತೆ. ಕಂಪನಿಯವರಲ್ಲದೆ ಬೇರೆಯವರು ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಎಂದೂ ಆ ಪುಸ್ತಕದಲ್ಲಿತ್ತು.

"ಮುಟ್ಟಲ್ಲ ಬುಡಿ ಸಾಮಿ" ಎಂದರು ಸಾಬರು. "ಒಂದು ಮಾತು ಹೇಳ್ತೀನಿ. ಕಂಪ್ನಿಯೋರು ಬಂದಾಗ ನಿಂತೋಯ್ತು ಅನ್ನಿ. ಅದ್ಕಿಂತ ಜಾಸ್ತಿ ಒಂದು ಮಾತೂ ಆಡ್ಬೇಡಿ."

ಗೌರಮ್ಮನೂ ಒಂದು ಮಾತು ಹೇಳಿದಳು. "ಹೊಸ ಎಂಜಿನ್ ಬಂದ್ರ ಬರ್ಲಿ. ಬರ್ನಿಲ್ಲ ಅಂದ್ರ ನನ್ ಎತ್ತ ತಂದ್ಕೊಡಿ. ಎರಡೂ ಇಲ್ದೆ ನಾನು ಆ ಮನೆಗ ಬರದಿಲ್ಲ." ಅವಳು ತವರಿನಲ್ಲೇ ಉಳಿದಳು. ನಾನು ಬಸ್ಸಿನಲ್ಲಿ ಊರಿಗೆ ಹೋಗಿ, ಒಲೆ ಊದುತ್ತ, ಸೀದ ಅನ್ನ ತಿನ್ನುತ್ತ, ಕಂಪನಿಗೆ ಕಾಗದದ ಮೇಲೆ ಕಾಗದ ಬರೆದೆ.

ಕಡೆಗೊಂದು ದಿನ ಮದರಾಸಿನಿಂದ ಕಂಪನಿಯ ಪ್ರತಿನಿಧಿ ಗುಂಡ್ಲುಪೇಟೆಗೆ ದಯಮಾಡಿಸಿದ. ಮಾವನ ಮನೆಯ ಅಂಗಳದಲ್ಲಿ ಸಭೆ ಸೇರಿತು. ಮಾವ ಜಗಲಿಯ ಮೇಲೆ, ಸಾಬರು ಕಂಬಕ್ಕೆ ಒರಗಿ, ಗೌರಮ್ಮ ಬಾಗಿಲ ಮರೆಯಲ್ಲಿ. ಮಧ್ಯದಲ್ಲಿ ಗೋಣಿ ಹೊದ್ದ ನನ್ನ ವಾಹನ.

"ವೇಗ ಓಡಿಸಿದ್ರಾ ಸಾರ್?" ಎಂದು ಪ್ರತಿನಿಧಿ ಕೇಳಿದ.

ಸಾಬರು ಕೆಮ್ಮಿದರು. ನಾನು ಎದೆ ಉಬ್ಬಿಸಿದೆ. "ವೇಗವೇ? ಸ್ವಾಮಿ, ಸದರಿ ವಾಹನವು ನನ್ನ ವಶಕ್ಕೆ ಬಂದಾಗಿನಿಂದ ವೇಗ ಎಂದರೇನೆಂದು ಕಂಡಿಲ್ಲ."

ಸಾಬರು ಜೋರಾಗಿ ಕೆಮ್ಮಿದರು. ಪಾಪ, ಬೀಡಿಯ ಕೆಮ್ಮು ಎಂದುಕೊಂಡು ಅವರಿಗೆ ನೀರು ತರಲು ಹೇಳಿದೆ. ಆಮೇಲೆ ನನ್ನ ಬ್ರಹ್ಮಾಸ್ತ್ರವನ್ನು ಚೀಲದಿಂದ ಹೊರತೆಗೆದೆ. ಗಾಜು ಹಾಕಿಸಿದ ಮೆರವಣಿಗೆಯ ಫೋಟೋ. "ಇಗೋ ಸಾಕ್ಷಿ. ಮುಂದೆ ವಾಲಗದವರು ನಿಂತಿದ್ದಾರೆ ನೋಡಿ. ಎಂಜಿನ್ ನಿಂತ ದಿನ ಅವರನ್ನು ಒಮ್ಮೆಯೂ ದಾಟಿಲ್ಲ."

ಅವನು ಫೋಟೋವನ್ನು ಬಹಳ ಹೊತ್ತು ನೋಡಿದ. "ಇದ್ರಲ್ಲಿ ಎಂಜಿನ್ ಎಲ್ಲಿ ಸಾರ್?"

"ಹೂವಿನ ಒಳಗೆ. ಒಂದು ಸಂದೂ ಬಿಡದ ಹಾಗೆ ನಾನೇ ಸುತ್ತಿದ್ದು."

"ಎಷ್ಟು ಹೊತ್ತು ಓಡ್ತಾ ಇತ್ತು?"

"ಬೆಳಗೆಲ್ಲಾ. ಒಮ್ಮೆಯೂ ಆರಿಸಲಿಲ್ಲ" ಎಂದೆ, ಪದಕ ಕೊಡುತ್ತಾನೇನೋ ಎಂಬ ಭರವಸೆಯಲ್ಲಿ.

ಸಾಬರು ಕೆಮ್ಮುವುದನ್ನು ನಿಲ್ಲಿಸಿದರು. ಇನ್ನು ಕೆಮ್ಮಿ ಪ್ರಯೋಜನವಿರಲಿಲ್ಲ.

"ಗಾಳಿ ಬಡಿದ್ರೇನೇ ಈ ಎಂಜಿನ್ ತಣ್ಣಗಾಗೋದು ಸಾರ್" ಎಂದ ಪ್ರತಿನಿಧಿ. "ವಂಡಿ ಓಡಿದ್ರೆ ತಾನೆ ಗಾಳಿ? ನೀವು ಓಡಿಸ್ಲೂ ಇಲ್ಲ, ಬರೋ ಗಾಳಿಗೂ ಹೂವು ಮುಚ್ಚಿಟ್ರಿ. ಒಳಗೆ ಪಿಸ್ಟನ್ ಬೆಂದು ಅಂಟಿಕೊಂಡಿದೆ. ಇದಕ್ಕೆ ಗ್ಯಾರಂಟಿ ಇಲ್ಲ."

ಮಾವ ಆಗ ಬಾಯಿ ತೆರೆದರು. "ಅಲ್ಲ ಕಣಪ್ಪ, ಓಡ್ಸುದ್ರ ತಪ್ಪು ಅಂತ ನಿಮ್ ಪುಸ್ತಕದಲ್ಲದ. ಓಡಿಸ್ದೆ ಇದ್ರ ತಪ್ಪು ಅಂತ ನೀನಂತೀಯ. ಮತ್ತ ನೀವು ಎಂಜಿನ್ ಕೊಡದು ಯಾರ್ಗಪ್ಪ?"

"ಸರಿಯಾಗಿ ಓಡಿಸಿದವರಿಗೆ ಕೊಡ್ತೀವಿ ಸಾರ್."

"ಸರ್ಯಾಗಿ ಓಡ್ಸುದ್ರ ಕೆಡ್ತದಾ?"

"ಕೆಡೋದಿಲ್ಲ ಸಾರ್" ಎಂದ ಅವನು, ಸ್ವಲ್ಪವೂ ನಾಚದೆ. ಮಜ್ಜಿಗೆ ಕುಡಿದು, ಆಫೀಸಿಗೆ ಸಾಕ್ಷಿ ಬೇಕೆಂದು ನನ್ನ ಫೋಟೋವನ್ನೂ ಗಾಜಿನ ಸಮೇತ ಎತ್ತಿಕೊಂಡು ಹೋದ.

ಇನ್ನು ಉಳಿದದ್ದು ಎತ್ತು. ಕೆಟ್ಟ ಮೋಟಾರ್ ಸೈಕಲ್ ಸಾಗಿಸಲು ಗಾಡಿ ಬೇಕೆಂದು ಮಾವ ಹರದನಹಳ್ಳಿಗೆ ಹೇಳಿ ಕಳಿಸಿದರು. ನಂಜಪ್ಪ ನನ್ನ ಹಳೆಯ ಗಾಡಿಯನ್ನೇ ಹೂಡಿಕೊಂಡು, ಕೆಂಚ ಕರಿಯರನ್ನು ಹೊಡೆದುಕೊಂಡು ಬಂದ. ಗೌರಮ್ಮ ಓಡಿಹೋಗಿ ಕೆಂಚನ ಕೊರಳು ತಬ್ಬಿ ನಿಂತಳು. ಅದು ಅವಳ ಕೈ ನೆಕ್ಕಿತು. ನಂಜಪ್ಪನನ್ನು ಪಕ್ಕಕ್ಕೆ ಕರೆದು, ಹೆಚ್ಚು ಕೊಡುತ್ತೇನೆ, ಎತ್ತು ವಾಪಸ್ಸು ಕೊಡು ಎಂದೆ.

"ಯಾಕ ಕೊಡ್ಲಿ ಸಾವ್ಕಾರ್ರೆ? ಕುಂಟುದ್ರ ಹೊಡ್ಕೊಂಡು ಬಾ ಅಂದ್ರಿ. ಕುಂಟ್ನಿಲ್ಲ. ನೀವೇ ಬಂದು ಕೇಳುದ್ರೂ ಕೊಡ್ಬ್ಯಾಡ ಅಂದಿದ್ರಿ."

ಕಂಪನಿಯ ಗ್ಯಾರಂಟಿಯಲ್ಲಿ ನೂರು ತೂತು. ನನ್ನದರಲ್ಲಿ ಒಂದೂ ಇರಲಿಲ್ಲ.

ಮೋಟಾರ್ ಸೈಕಲ್ಲನ್ನು ಗಾಡಿಗೆ ಹೇರಿ ಕಟ್ಟಿದೆವು. ಅಳಿಯನ ಮರ್ಯಾದೆ ಉಳಿಯಲೆಂದು ಮಾವನೇ ಮಗಳನ್ನು ಒಪ್ಪಿಸಿ ಹತ್ತಿಸಿದರು. ಹೊರೆ ಹೆಚ್ಚಾಯಿತೆಂದು ನಂಜಪ್ಪ ನನ್ನನ್ನು ಇಳಿಸಿದ. ತೆರಕಣಾಂಬಿಯ ದಾರಿಯುದ್ದಕ್ಕೂ ನಾನು ಎತ್ತಿನ ಪಕ್ಕದಲ್ಲೇ ನಡೆದೆ, ಎಂಟೂ ಕಾಲುಗಳನ್ನು ಎವೆಯಿಕ್ಕದೆ ನೋಡುತ್ತ. ಒಂದೇ ಒಂದು ಹೆಜ್ಜೆ ಕುಂಟಿಸಪ್ಪ ಎಂದು ಮಲೆ ಮಾದಪ್ಪನಿಗೆ ಹರಕೆಯನ್ನೂ ಹೊತ್ತೆ. ಎತ್ತುಗಳು ಮದುಮಕ್ಕಳ ಹಾಗೆ ಒಂದೇ ಸಮನೆ ನಡೆದವು. ಸಂಜೆ ಹೊತ್ತಿಗೆ ಚಪ್ಪಲಿ ಕಡಿದು, ಪಾದ ಬೊಬ್ಬೆ ಬಂದು, ಕುಂಟುತ್ತಿದ್ದವನು ನಾನೊಬ್ಬನೇ.

ಗೌರಮ್ಮ ಗಾಡಿಯಿಂದ ಬಗ್ಗಿ ನನ್ನ ಕಾಲನ್ನೇ ನೋಡಿದಳು.

"ನನ್ನ ನಿಮ್ಗ ಕೊಟ್ಟಾಗ ನಿಮ್ಮಪ್ಪ ನಮ್ಮಪ್ಪಂಗ ಹಿಂಗೊಂದು ಮಾತು ಕೊಟ್ಟಿದ್ರಾ? ನಮ್ ಮಗ ಕುಂಟುದ್ರ ವಾಪಸ್ ತಕೊತೀವಿ ಅಂತ?"

"ಕೊಟ್ಟಿದ್ರೂ ಒಂದು ವರ್ಷ ಎಂದೋ ಮುಗಿದು ಹೋಯ್ತು ಕಣೆ" ಎಂದೆ.

"ಅದೇ ಮತ್ತ" ಎಂದು ಅವಳು ಕೆಂಚನ ಕಡೆ ತಿರುಗಿ ಕೂತಳು.