ಗಿರಿಜತ್ತೆಯ ಹೊಸ ಸೊಂಟ

ಊರಿನವರ ಆರೋಗ್ಯ ಸುಧಾರಿಸಿದರೆ ಮಿಮಿಕ್ರಿ ಮಾಡುವವನ ಹೊಟ್ಟೆಗೆ ತಣ್ಣೀರು ಬಟ್ಟೆ. ಕೆಮ್ಮುವವರು ಕೆಮ್ಮಬೇಕು, ಕುಂಟುವವರು ಕುಂಟಬೇಕು. ಆಗಲೇ ನಮ್ಮ ಕಲೆ ಉಳಿಯುವುದು. ಇಷ್ಟಕ್ಕೇ ನನ್ನನ್ನು ಕೆಟ್ಟವನೆಂದುಕೊಂಡಿರಾದರೆ ನೀವು ನನ್ನ ಗಿರಿಜತ್ತೆಯನ್ನು ನೋಡಿಲ್ಲ. ಅಪ್ಪನ ಅಕ್ಕ, ತ್ರಾಸಿ ಕಡೆಯ ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆ ಮಾರುವವಳು. ಸಂಧಿವಾತ ಮೊದಲು ಅವಳ ಬೆರಳು ಹಿಡಿಯಿತು, ಆಮೇಲೆ ಸೊಂಟದ ಕೀಲನ್ನೇ ತಿಂದು ಹಾಕಿತು. ಒಂದು ಕೈ ಸೊಂಟಕ್ಕೆ ಕೊಟ್ಟು, ಅಲೆಗೆ ಸಿಕ್ಕ ದೋಣಿಯ ಹಾಗೆ ವಾಲುತ್ತಾ ಬರುವ ಅವಳ ನಡಿಗೆಯೇ ನನ್ನ ಅತ್ಯುತ್ತಮ ಐಟಂ. ಮದುವೆಮನೆಯಲ್ಲಿ ಅದನ್ನು ಮಾಡಿದರೆ ಮೊದಲು ನಗುವವಳೂ ಅವಳೇ. "ಎಡಗಾಲ್ ಇನ್ನೂ ಸ್ವಲ್ಪ ಎಳೀಕ್ ಮಗಾ" ಎಂದು ತಿದ್ದುತ್ತಿದ್ದಳು.

ಡಾಕ್ಟರು ಸೊಂಟದ ಕೀಲು ಬದಲಾಯಿಸಿದರು. ನೋವು ಹೋಯಿತು, ನನ್ನ ಐಟಮ್ಮೂ ಹೋಯಿತು. ಆದರೆ "ಇನ್ನು ನೆಲದ ಮೇಲೆ ಕೂರಬೇಡಿ, ಕುಕ್ಕರಗಾಲಂತೂ ಬೇಡವೇ ಬೇಡ" ಎಂದುಬಿಟ್ಟರು. ಮೀನು ಮಾರುವವಳಿಗೆ ಬುಟ್ಟಿಯೂ ನೆಲದಲ್ಲಿ, ಮಣೆಯೂ ನೆಲದಲ್ಲಿ, ಕತ್ತಿಯೂ ನೆಲದಲ್ಲಿ. "ನನ್ನ ಜಾಗದಾಗ್ ಬೇರೆಯವ್ರ್ ಬಂದ್ ಕೂಕಂತ್ರ್" ಎಂದಳು ಅತ್ತೆ. ಆಪರೇಷನ್ನಿಗೆ ಹೆದರದವಳು ಇದಕ್ಕೆ ಹೆದರಿದ್ದಳು.

ಸಲೀಸಾಗಿ ನಡೆಯಲು ಬಂದ ಮೇಲೆ ಒಂದು ಬೆಳಿಗ್ಗೆ ಎತ್ತರದ ಕುರ್ಚಿಯೊಂದನ್ನು ನನ್ನ ತಲೆ ಮೇಲೆ ಹೊರಿಸಿಕೊಂಡು ಬಂದು, ತನ್ನ ಹಳೇ ಜಾಗದಲ್ಲೇ ಹಾಕಿಸಿ ಕುಳಿತಳು. ಪಕ್ಕದಲ್ಲಿ ಮೀನು ಮಾರುವ ಜಲಜಕ್ಕ ನೆಲದಿಂದ ತಲೆಯೆತ್ತಿ, "ಹ್ವಾಯ್ ಗಿರಿಜಕ್ಕ, ಮೀನ್ ಮಾರುಕ್ ಬಂದದ್ದಾ, ಭಾಷಣ ಮಾಡುಕಾ?" ಎಂದಳು.

"ನೀನ್ ಮಾರ್, ನಾನ್ ಮ್ಯಾಲ್ ಕೂಕಂಡ್ ಕಾಣ್ತೆ" ಎಂದಳು ಅತ್ತೆ.

ಅಷ್ಟರಲ್ಲಿ ಬಂದ ಗಿರಾಕಿ, ಮೀನು ಕತ್ತರಿಸಿ ಕೊಟ್ಟರೆ ಮಾತ್ರ ಬೇಕು ಎಂದರು. ನೆಲದ ಕತ್ತಿ ಕುರ್ಚಿಗೆ ಎಟುಕದು, ಕೈಯಲ್ಲಿ ಹಿಡಿದು ಕೊಯ್ಯೋಣವೆಂದರೆ ಸೊಂಟ ಹೊಸದಾದರೂ ಬೆರಳು ಹಳೆಯವೇ; ಸಂಧಿವಾತ ಎಲ್ಲಿಗೂ ಹೋಗಿಲ್ಲ, ಅದರ ಮಾತ್ರೆಯೂ ನಿಂತಿಲ್ಲ. ಗಿರಾಕಿಯ ಕಣ್ಣು ಆಗಲೇ ಜಲಜಕ್ಕನ ಬುಟ್ಟಿಯತ್ತ ಹೊರಳಿತ್ತು. ಅತ್ತೆ ನನ್ನನ್ನು ನೋಡಿದಳು. "ಇಷ್ಟ್ ವರ್ಷ ನನ್ನ ಹೆಸ್ರಲ್ ಚಪ್ಪಾಳಿ ತಕಂಡ್ಯಲ, ಈಗ ಮಣೆ ಮ್ಯಾಲ್ ಕೂಕೊ."

ಕುಳಿತೆ. ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ಖಾಲಿಯಾಯಿತು, ಅತ್ತೆಯ ಜಾಗ ಉಳಿಯಿತು. ಎದ್ದು ನೋಡಿದರೆ ಎರಡು ಕಾಲೂ ನನ್ನವಲ್ಲ. ಒಂದು ಕೈ ಸೊಂಟಕ್ಕೆ ಕೊಟ್ಟು, ವಾಲುತ್ತಾ ನಲ್ಲಿಯ ಕಡೆ ಹೊರಟೆ. ಇಡೀ ಮಾರ್ಕೆಟ್ಟು ನಕ್ಕು ಚಪ್ಪಾಳೆ ತಟ್ಟಿತು. "ಥೇಟ್ ಗಿರಿಜಕ್ಕನೇ" ಎಂದು ಜಲಜಕ್ಕ ಕಣ್ಣೊರೆಸಿಕೊಂಡಳು. ಅತ್ತೆ ಮಾತ್ರ ಕುರ್ಚಿಯ ಮೇಲಿಂದ ಗಂಭೀರವಾಗಿ ಪರೀಕ್ಷಿಸಿ, "ಈಗ ಎಡಗಾಲ್ ಸರಿಯಾಯ್ತ್ ಕಾಣ್" ಎಂದಳು.

ನಾನು ಮಿಮಿಕ್ರಿ ಮಾಡುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಆದರೆ ಚಪ್ಪಾಳೆ ಆಗಲೇ ಬಿದ್ದಿತ್ತು, ತಲೆಬಾಗಿ ಸ್ವೀಕರಿಸಿದೆ. ಬಾಗಿದ ಮೇಲೆ ನೆಟ್ಟಗಾಗಲು ಜಲಜಕ್ಕನೇ ಬಂದು ಎತ್ತಬೇಕಾಯಿತು.