ಪೋಲಿ ಕಾಗೆಯ ಧರ್ಮಪ್ರಚಾರ

ಮೂವತ್ತು ವರ್ಷ ಹೈಸ್ಕೂಲ್ ಮಕ್ಕಳಿಗೆ ಹಳಗನ್ನಡ ಕಲಿಸಿದವನಿಗೆ ಆಫ್ರಿಕಾದ ಜನಕ್ಕೆ ಭಜನೆ ಕಲಿಸುವುದು ಯಾವ ಮಹಾ ಕೆಲಸ ಎಂದು ನಾನು ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ತುಂಬಿದ ಸಭೆಯಲ್ಲಿ ಮೈಕ್ ಹಿಡಿದು ಹೇಳಿಯೂ ಇದ್ದೆ!

ನಾನು ಸಾದಲಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮನೆ ಶಿಡ್ಲಘಟ್ಟ. ನಾವು ನಡೆದುಕೊಳ್ಳುವ ಆಶ್ರಮದವರು ಟಾಂಜಾನಿಯಾದ ಒಂದು ಸಣ್ಣ ಊರಿನಲ್ಲಿ ಮಕ್ಕಳ ಶಾಲೆ, ಊಟದ ಮನೆ ನಡೆಸುತ್ತಾರೆ. ಅಲ್ಲಿ ಒಂದು ವರ್ಷ ಇದ್ದು, ಊರವರನ್ನು ಸೇರಿಸಿ ಭಜನೆ ಮಾಡಿಸಿ, ಲೋಕವೆಲ್ಲ ಒಂದೇ ಮನೆ, ಮನುಷ್ಯರೆಲ್ಲ ಒಡಹುಟ್ಟಿದವರು ಎಂದು ಸಾರಲು ಒಬ್ಬ ಪ್ರಚಾರಕ ಬೇಕಾಗಿತ್ತು. ಆಶ್ರಮದ ಸಭೆಯಲ್ಲಿ ಗುರುಗಳು ಕೇಳಿದ ತಕ್ಷಣ ನಾನು ಕೈ ಎತ್ತಿದೆ. ನನ್ನ ಹೆಂಡತಿ ಸರೋಜ ಆ ಕೈಯನ್ನು ಕೆಳಗೆ ಎಳೆಯುವಷ್ಟರಲ್ಲಿ ಗುರುಗಳು ನೋಡಿಬಿಟ್ಟಿದ್ದರು.

"ಮೂರು ತಿಂಗಳಲ್ಲಿ ಭಜನಾ ಮಂಡಳಿ ಕಟ್ಟಿ ತೋರಿಸ್ತೀನಿ. ಆಗಲಿಲ್ಲ ಅಂದ್ರೆ ವಾಪಸ್ ಕರೆಸ್ಕೊಳ್ಳಿ!" ಎಂದು ಅಲ್ಲೇ ಘೋಷಿಸಿದೆ. ಹಾಗೆ ಘೋಷಿಸು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಹೋಗುವ ಮುಂಚೆ ಆಶ್ರಮದವರು ಫೋನಿನಲ್ಲೇ ಸ್ವಾಹಿಲಿ ಭಾಷೆಯ ತರಗತಿ ಏರ್ಪಡಿಸಿದ್ದರು. ಸರೋಜ ಹುರುಳಿಕಾಯಿ ಸೋಸುತ್ತಾ ಕೂತು ಕೇಳಿಸಿಕೊಂಡಳು. ನನಗೆಲ್ಲಿ ಪುರಸೊತ್ತು? ಚಿಂತಾಮಣಿಯಲ್ಲಿ ಒಂದು ಸನ್ಮಾನ, ಚಿಕ್ಕಬಳ್ಳಾಪುರದಲ್ಲಿ ಇನ್ನೊಂದು, ಗೌರಿಬಿದನೂರಿನಲ್ಲಿ ಸರೋಜಳ ತವರಿನವರದ್ದು ಮತ್ತೊಂದು. ಶಾಲು ಹೊದ್ದು ಹೊದ್ದು ಕುತ್ತಿಗೆಯಲ್ಲಿ ಬೆವರುಸಾಲೆ ಎದ್ದಿತ್ತು. ಸನ್ಮಾನದ ಫೋಟೋಗಳಿಗೆಂದು ತಲೆಗೆ ಕಪ್ಪು ಬಣ್ಣವನ್ನೂ ಹಾಕಿಸಿಕೊಂಡಿದ್ದೆ. ಪಕ್ಕದ ಮನೆಯ ವೆಂಕಟರವಣಪ್ಪ, ರೇಷ್ಮೆ ನೂಲು ಬಿಚ್ಚಾಣಿಕೆ ಮಾಡಿಸುವವನು, ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ಆಳೆತ್ತರದ ಫ್ಲೆಕ್ಸ್ ಕಟ್ಟಿಸಿದ.

"ಮೇಷ್ಟ್ರೇ, ಆ ಭಾಷೆ ಬರ್ತದಾ ನಿಮ್ಗೆ?" ಎಂದು ಅವನು ಕೇಳಿದ.

"ಕನ್ನಡ, ತೆಲುಗು, ಸಂಸ್ಕೃತ, ಇಂಗ್ಲಿಷು ಬರೋನಿಗೆ ಇನ್ನೊಂದು ಯಾವ ಲೆಕ್ಕ ಕಣಪ್ಪ? ಎಲ್ಲಾ ಕಲ್ತಾಯ್ತು. ಅಷ್ಟಕ್ಕೂ ಭಕ್ತಿಗೆ ಭಾಷೆ ಯಾಕೆ?"

"ಭಕ್ತಿಗೆ ಬ್ಯಾಡ ಬಿಡಿ. ಊಟಕ್ಕೆ ಬೇಕಲ್ಲಾ?" ಎಂದ. ಅಲ್ಪಮತಿ ಎಂದುಕೊಂಡು ನಾನು ಹೆಗಲ ಶಾಲು ಸರಿಪಡಿಸಿಕೊಂಡೆ.

ಟಾಂಜಾನಿಯಾದ ವಿಮಾನ ನಿಲ್ದಾಣದಲ್ಲಿ ಇಳಿದೆವು. ಸಾಮಾನು ಬರುವ ಬೆಲ್ಟಿನ ಮೇಲೆ ನಮ್ಮ ದೊಡ್ಡ ಸೂಟ್‌ಕೇಸ್ ಬಾಯಿ ಬಿಟ್ಟುಕೊಂಡು ಬಂತು. ಅದರ ಹಿಂದೆ ರಾಗಿಹಿಟ್ಟು, ಅದರ ಹಿಂದೆ ಹುಚ್ಚೆಳ್ಳು ಚಟ್ನಿಪುಡಿ, ಕೊನೆಯಲ್ಲಿ ನನ್ನ ಪಟ್ಟಾಪಟ್ಟಿ ಚಡ್ಡಿ ಒಂಟಿಯಾಗಿ ಬಂತು. ಅಲ್ಲಿ ಕೆಲಸಕ್ಕಿದ್ದ ಒಬ್ಬ ಯುವಕ ಓಡಿ ಬಂದ. ಎದೆಯ ಮೇಲೆ ಕೈಯಿಟ್ಟು, ನನ್ನ ಮುಖವನ್ನೇ ನೋಡಿಕೊಂಡು ಹೇಳಿದ:

"ಪೋಲೆ, ಕಾಕ! ಪೋಲೆ ಸಾನಾ!"

ಅಲ್ಲ ಸ್ವಾಮಿ, ನೀವೇ ಹೇಳಿ! ನಾನು ಕನ್ನಡ ಮೇಷ್ಟ್ರು. ಪೋಲಿ ಎಂದರೇನು ಎಂದು ನನಗೆ ನಿಘಂಟು ತೆಗೆದು ತೋರಿಸಬೇಕೆ? ಕಾಕ ಎಂದರೆ ಕಾಗೆ. ಎಂಟನೇ ಕ್ಲಾಸಿನ ಮಗುವಿಗೂ ಗೊತ್ತು. ನನ್ನ ಬಣ್ಣ ಸ್ವಲ್ಪ ಎಣ್ಣೆಗೆಂಪು, ಒಪ್ಪುತ್ತೇನೆ. ಹಾಗೆಂದು ಸಾಮಾನು ಚೆಲ್ಲಿ ನಿಂತ ಮನುಷ್ಯನನ್ನು ಪೋಲಿ ಕಾಗೆ ಎನ್ನುವುದೆ? 'ಸಾನಾ' ಏನೆಂದು ತಿಳಿಯಲಿಲ್ಲ. ಅದು ಇನ್ನೂ ಕೆಟ್ಟದ್ದೇ ಇರಬೇಕು ಎಂದುಕೊಂಡೆ.

ನೆಲದ ಮೇಲಿನ ಹಿಟ್ಟು ಬಾಚುತ್ತಿದ್ದ ಸರೋಜ ನಗುನಗುತ್ತಾ ಅವನಿಗೆ "ಅಸಾಂತೆ" ಎಂದಳು.

"ಏನಂದೆ ಅವನಿಗೆ?"

"ಥ್ಯಾಂಕ್ಸ್ ಹೇಳಿದೆ. ನೀವೂ ಕಲ್ತಿದ್ದೀನಿ ಅಂದ್ರಲ್ಲ?"

ಗಂಡನನ್ನು ಪೋಲಿ ಎಂದವನಿಗೆ ಥ್ಯಾಂಕ್ಸು! ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಕೇಳಿದರೆ ನನಗೆ ಭಾಷೆ ಬರುವುದಿಲ್ಲ ಎಂದಾಗುತ್ತದೆ. ಹೇಳಿದರೆ ಇವಳು ಗೌರಿಬಿದನೂರಿನ ತಂಗಿಗೆ ಫೋನು ಮಾಡುತ್ತಾಳೆ, ನಾವು ಆಶ್ರಮದ ಶಾಲೆ ಸೇರುವ ಮೊದಲೇ ಸುದ್ದಿ ಶಿಡ್ಲಘಟ್ಟ ಸೇರುತ್ತದೆ. ಆದ್ದರಿಂದ ಈ ಅವಮಾನವನ್ನು ಒಬ್ಬನೇ ಸಹಿಸುವುದೆಂದು ತೀರ್ಮಾನಿಸಿದೆ.

ಆಶ್ರಮದ ಶಾಲೆಗೆ ಬಂದರೆ ಅಲ್ಲಿ ಇನ್ನೊಂದು ವಿಚಿತ್ರ. ಮಕ್ಕಳಿಗೆ ಅಡುಗೆ ಮಾಡುವ ಹೆಂಗಸಿನ ಹೆಸರು ನೀಮಾ. ದಪ್ಪ ಮೈ, ಅಗಲ ನಗು, ಸೊಂಟಕ್ಕೆ ಹೂವಿನ ಬಟ್ಟೆ. ಊರಿಗೆ ಊರೇ ಅವಳನ್ನು "ಮಾಮ" ಎನ್ನುತ್ತಿತ್ತು. ನಮ್ಮ ಕಡೆ ಮಾಮ ಎಂದರೆ ಕನಿಷ್ಠ ಮೀಸೆಯಾದರೂ ಇರಬೇಕು! ಈ ಮಾಮ ನನ್ನನ್ನು ಒಳಗೆ ಕರೆದಳು. ಬಾಗಿಲು ಗಿಡ್ಡ, ನಾನು ಉದ್ದ. ಹಣೆ ದಬ್ ಎಂದು ಬಡಿಯಿತು.

"ಪೋಲೆ, ಕಾಕ!" ಎಂದಳು ಮಾಮ.

ಅಂದಿನಿಂದ ಶುರುವಾಯಿತು ನೋಡಿ. ಚಹಾ ಕುಡಿದು ನಾಲಿಗೆ ಸುಟ್ಟರೆ ಪೋಲೆ. ಮೆಟ್ಟಿಲು ಎಡವಿದರೆ ಪೋಲೆ. ಸ್ನಾನದ ಮನೆಯಲ್ಲಿ ಮೈತುಂಬ ಸೋಪು ಹಚ್ಚಿಕೊಂಡಾಗ ನೀರು ನಿಂತು ನಾನು ಕೂಗಿಕೊಂಡರೆ, ಹೊರಗಿನಿಂದ ಮಾಮ, ಮಾಲಿ, ದಾರಿಯಲ್ಲಿ ಹೋಗುವವರು ಸೇರಿ "ಪೋಲೆ ಸಾನಾ, ಕಾಕ!" ನನಗೆ ಕೋಪ ಬಂದದ್ದು ಯಾಕೆ ಗೊತ್ತೆ? ನಾನು ಚೆನ್ನಾಗಿದ್ದಾಗ ಇವರು ಪೋಲಿ ಎನ್ನುತ್ತಲೇ ಇರಲಿಲ್ಲ. ಬಿದ್ದಾಗ, ಸುಟ್ಟುಕೊಂಡಾಗ, ಕೆಮ್ಮಿದಾಗ ಸರಿಯಾಗಿ ಹುಡುಕಿಕೊಂಡು ಬಂದು ಪೋಲಿ ಎನ್ನುತ್ತಿದ್ದರು. ಅದೂ ಎಂಥ ಕರುಣೆಯ ಮುಖ ಮಾಡಿಕೊಂಡು! ಇಷ್ಟು ನಾಟಕದ ಜನರನ್ನು ನಾನು ದಿಬ್ಬೂರಹಳ್ಳಿಯ ಕಂಪನಿ ನಾಟಕದಲ್ಲೂ ನೋಡಿರಲಿಲ್ಲ.

ಸರೋಜಳನ್ನು ಎಲ್ಲರೂ "ದಾದಾ" ಎಂದು ಕರೆಯುತ್ತಿದ್ದರು. ನಮ್ಮಲ್ಲಿ ದಾದಾ ಎಂದರೆ ರೌಡಿ. ಅದರಲ್ಲಿ ಸತ್ಯಾಂಶ ಇದ್ದುದರಿಂದ ನಾನು ಆಕ್ಷೇಪ ಎತ್ತಲಿಲ್ಲ.

ಮೊದಲ ಭಜನೆಗೆ ಕುತೂಹಲದಿಂದ ಊರವರೆಲ್ಲ ಬಂದರು. ನಾನು ಹಾರ್ಮೋನಿಯಂ ಮುಂದೆ ಪದ್ಮಾಸನ ಹಾಕಿ, ಕಣ್ಣು ಮುಚ್ಚಿ, ಅಷ್ಟು ಜನರನ್ನು ಕಂಡ ಉತ್ಸಾಹದಲ್ಲಿ ಶ್ರುತಿಯನ್ನು ಎರಡು ಮನೆ ಮೇಲಕ್ಕೆ ಹಿಡಿದು ಶುರುಮಾಡಿದೆ. ಪಲ್ಲವಿ ಹೇಗೋ ಆಯಿತು. ಚರಣಕ್ಕೆ ಏರುವಾಗ ಗಂಟಲು ಕಿರಕ್ ಎಂದು ಒಡೆಯಿತು, ಕೆಮ್ಮು ಒತ್ತರಿಸಿ ಬಂತು.

"ಪೋ...ಲೆ!" ಎಂದಿತು ಇಡೀ ಸಭೆ, ಒಂದೇ ರಾಗದಲ್ಲಿ.

ಮೈಯೆಲ್ಲ ಉರಿದುಹೋಯಿತು. ದೇವರ ಮುಂದೆ, ಭಜನೆಯ ನಡುವೆ, ಸಾಮೂಹಿಕ ಬೈಗುಳ! ಹಾರ್ಮೋನಿಯಂ ಮುಚ್ಚಿ ಎದ್ದು ನಿಂತು, ಗುರುಹಿರಿಯರಲ್ಲಿ ಇರಬೇಕಾದ ಗೌರವದ ಬಗ್ಗೆ ಅಚ್ಚಗನ್ನಡದಲ್ಲಿ ಅರ್ಧ ಗಂಟೆ ಉಗಿದೆ. ಅವರಿಗೆ ಮಾತು ಅರ್ಥವಾಗಲಿಲ್ಲ. ನನ್ನ ತೋರುಬೆರಳು ಅರ್ಥವಾಯಿತು. ಮುಂದಿನ ಭಾನುವಾರ ಭಜನೆಗೆ ಬಂದವರು ಸರೋಜ ಮತ್ತು ಒಂದು ಕೋಳಿ. ಆಮೇಲಿನ ಭಾನುವಾರ ಕೋಳಿಯೂ ಬರಲಿಲ್ಲ.

ಹೀಗೇ ವಾರಗಳು ಉರುಳಿದವು. ಕೊನೆಗೆ ಗುರುಗಳ ಫೋನು ಬಂತು. "ಮೇಷ್ಟ್ರೇ, ಬರೋ ಭಾನುವಾರ ವಿಡಿಯೋದಲ್ಲಿ ನಿಮ್ಮ ಮಂಡಳಿ ನೋಡಣ ಅಂತಿದ್ದೀನಿ. ನೀವೇ ಹೇಳಿದ್ದ ಗಡುವು ಬಂತಲ್ಲ?" ಎಂದರು. ಮಂಡಳಿ ಇಲ್ಲದಿದ್ದರೆ ವಾಪಸ್ ಹೋಗಬೇಕು. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಫ್ಲೆಕ್ಸ್ ಇನ್ನೂ ಬಣ್ಣ ಮಾಸಿರುವುದಿಲ್ಲ, ಅದರ ಕೆಳಗೇ ನಾನು ಸೂಟ್‌ಕೇಸ್ ಹಿಡಿದು ಇಳಿಯಬೇಕು.

"ನೀವು ಅವತ್ತು ಸುಮ್ಸುಮ್ನೆ ಉಗಿದಿದ್ದಕ್ಕೆ ಈ ಜನಕ್ಕೆ ಬೇಜಾರಾಗಿದೆ ಕಣ್ರೀ. ಹೋಗಿ ಎರಡು ಒಳ್ಳೆ ಮಾತಾಡಿ" ಎಂದಳು ಸರೋಜ.

"ನಾನಾ? ಅವರು ಬಂದು ನನ್ನ ಕ್ಷಮೆ ಕೇಳ್ಬೇಕು!"

ಮಾರನೆಯ ದಿನ ಮಾಮ ಅಡುಗೆಗೇ ಬರಲಿಲ್ಲ. ಮಾಲಿಯೂ ಇಲ್ಲ, ಶಾಲೆಯ ಟೀಚರುಗಳೂ ಇಲ್ಲ. ನನಗೆ ಎಲ್ಲ ಸ್ಪಷ್ಟವಾಯಿತು. ಇದು ಬಹಿಷ್ಕಾರ! ಇದರ ಹಿಂದಿರುವ ಮುಖಂಡಳು ಮಾಮ! ಇನ್ನು ಸಹಿಸುವುದಿಲ್ಲ ಎಂದು ಪಂಚೆ ಎತ್ತಿ ಕಟ್ಟಿ ಅವಳ ಮನೆಯತ್ತ ನಡೆದೆ. "ರೀ, ನಿಲ್ರೀ, ಏನಾಯ್ತು ನಿಮ್ಗೆ?" ಎಂದು ಸರೋಜ ಚಪ್ಪಲಿ ಹುಡುಕುತ್ತಾ ಹಿಂದೆ ಕೂಗಿದಳು.

ಮಾಮಳ ಅಂಗಳದಲ್ಲಿ ಜನ ಚಾಪೆ ಹಾಕಿಕೊಂಡು ಗುಂಪಾಗಿ ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ನಾನು ಬಂದೆನೆಂದು ಬಾಯಿ ಮುಚ್ಚಿಕೊಂಡಿದ್ದಾರೆ, ಇದು ನನ್ನ ವಿರುದ್ಧದ ಮೀಟಿಂಗೇ ಸೈ ಎಂದುಕೊಂಡೆ. ಮಾಮ ನಡುವೆ ತಲೆ ತಗ್ಗಿಸಿ ಕೂತಿದ್ದಳು. ನಾನು ನೇರ ಅವಳ ಮುಂದೆ ಹೋಗಿ ನಿಂತೆ. ಅವರ ಬೈಗುಳವನ್ನು ಅವರಿಗೇ ತಿರುಗಿಸುವುದೆಂದು ನಿರ್ಧರಿಸಿದ್ದೆ.

"ಪೋಲೆ! ಯಾರು ಪೋಲೆ? ನೀನು ಪೋಲೆ! ನೀವೆಲ್ಲ ಪೋಲೆ! ಪೋಲೆ ಸಾನಾ! ಸಾನಾ! ಸಾನಾ!"

ಸಿಟ್ಟು ನೆತ್ತಿಗೇರಿದರೆ ನನಗೆ ಕಣ್ಣಲ್ಲಿ ನೀರು ಬರುತ್ತದೆ, ಗಂಟಲು ಗದ್ಗದವಾಗುತ್ತದೆ. ಸಾದಲಿಯ ಮಕ್ಕಳಿಗೆಲ್ಲ ಇದು ಗೊತ್ತಿತ್ತು. ಇಲ್ಲೂ ಹಾಗೇ ಆಯಿತು. ಕಣ್ಣೀರು ದಳದಳ ಇಳಿಯಿತು. ಎದೆ ಬಡಿದುಕೊಂಡು ಕೊನೆಯದಾಗಿ "ಪೋಲೆ ಕಾಕ!" ಎಂದು ಅರಚಿದೆ.

ಮಾಮ ಎದ್ದಳು. ಹೊಡೆಯುತ್ತಾಳೆ ಎಂದು ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು, ಹೆಗಲ ಮೇಲೆ ತಲೆಯಿಟ್ಟು, ಹೋ ಎಂದು ಅಳತೊಡಗಿದಳು. ಸುತ್ತ ಕೂತಿದ್ದವರು ಎದ್ದು ಬಂದು ಒಬ್ಬೊಬ್ಬರಾಗಿ ನನ್ನ ಬೆನ್ನು ಸವರಿದರು.

ಅಷ್ಟರಲ್ಲಿ ಸರೋಜ ಓಡಿ ಬಂದಳು. ಒಬ್ಬ ಹೆಂಗಸಿನ ಹತ್ತಿರ ಏನೋ ಕೇಳಿದಳು. ನನ್ನ ಪಕ್ಕ ಬಂದು ಪಿಸುಗುಟ್ಟಿದಳು: "ಇವಳಣ್ಣ ಹೋಗ್ಬಿಟ್ಟನಂತೆ ಕಣ್ರೀ. ಬೆಳಿಗ್ಗೆ ಸುದ್ದಿ ಬಂತಂತೆ. ನಿಮ್ಗೆ ಯಾರು ಹೇಳಿದ್ರು?"

"ನಾನು... ಪೋಲಿ ಅಂತ... ಬೈಯೋಕೆ..."

"ಏನು ಬೈಯೋದು? ಪೋಲೆ ಅಂದ್ರೆ, ಅಯ್ಯೋ ಪಾಪ, ಹಿಂಗಾಗ್ಬಾರ್ದಿತ್ತು ಅಂತ ಸಮಾಧಾನ ಹೇಳೋದು. ಸಾನಾ ಅಂದ್ರೆ ತುಂಬಾ."

ನಾನು ಮೆಲ್ಲಗೆ ಕೇಳಿದೆ: "ಮತ್ತೆ ಕಾಕ?"

"ಅಣ್ಣ ರೀ! ಅಕ್ಕತಂಗೀರನ್ನ ದಾದಾ ಅಂತಾರೆ, ಅಮ್ಮನ್ನ ಮಾಮ ಅಂತಾರೆ. ನೀವು ಯಾವ ಲೋಕದಲ್ಲಿದ್ರಿ ಇಷ್ಟು ದಿನ?"

ಮಾಮ ಬಿಕ್ಕುತ್ತಾ ಏನೋ ಹೇಳಿದಳು. ಆ ಮಾತಿನಲ್ಲಿ ಎರಡು ಸಲ ಕಾಕ ಎಂಬ ಪದ ಬಂತು. ಸರೋಜಳ ಕಣ್ಣೂ ಒದ್ದೆಯಾಯಿತು.

"ಇದ್ದ ಒಬ್ಬ ಅಣ್ಣ ಹೋದ, ಇನ್ಮೇಲೆ ನೀನೇ ನಮ್ಮಣ್ಣ ಅಂತಿದ್ದಾಳೆ ಕಣ್ರೀ."

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೆ ಎನಿಸಿತು. ಅದು ಬಾಯಿ ಬಿಡಲಿಲ್ಲ. ನಾನು ಮೆಲ್ಲಗೆ ಚಾಪೆಯ ಮೇಲೆ ಕೂತೆ. ಸಂಜೆಯವರೆಗೂ ಕೂತಿದ್ದೆ. ಜನ ಬರುತ್ತಿದ್ದರು, ಪೋಲೆ ಎನ್ನುತ್ತಿದ್ದರು, ನನಗೂ ಎನ್ನುತ್ತಿದ್ದರು, ಈಗ ಅಣ್ಣನಾದೆನಲ್ಲ! ಒಂದು ಭಾಷಣ ಮಾಡಲಿಲ್ಲ, ಒಂದು ಶ್ಲೋಕ ಹೇಳಲಿಲ್ಲ. ನಾಚಿಕೆಯಿಂದ ಸಾಯುತ್ತಿದ್ದವನಿಗೆ ಅಷ್ಟು ದಿನ ಇಲ್ಲದ ಒಂದು ನೆಮ್ಮದಿಯೂ ಅಲ್ಲೇ ಸಿಕ್ಕಿತು. ಇವರ ನಡುವೆ ಕೂರಲು ನನಗೊಂದು ಜಾಗ ಇದೆ ಎಂದು ಸಂತೋಷವಾಯಿತು. ಅಳುವ ಮನೆಯಲ್ಲಿ ಸಂತೋಷಪಡುತ್ತಿದ್ದೇನಲ್ಲ ಎಂದು ಮತ್ತೆ ನಾಚಿಕೆಯಾಯಿತು.

ವಾಪಸ್ ಬರುವ ದಾರಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಸರೋಜ ರಸ್ತೆಯಲ್ಲೇ ನಿಂತಳು.

"ಮನುಷ್ಯರೆಲ್ಲ ಒಡಹುಟ್ಟಿದೋರು ಅಂತ ಹೇಳಕ್ಕೆ ಸಮುದ್ರ ದಾಟಿ ಬಂದ್ರಿ. ವಿಮಾನ ಇಳಿದ ತಕ್ಷಣ ಅವರು ಅಣ್ಣ ಅಂದ್ರು. ನೀವು ಕಾಗೆ ಅಂತ ಕೇಳುಸ್ಕೊಂಡ್ರಿ! ಅದೂ ತಲೆಗೆ ಬಣ್ಣ ಬಳ್ಕೊಂಡಿದ್ದಕ್ಕೆ ಅಣ್ಣ. ಬಿಳೀ ತಲೆ ಬಿಟ್ಟಿದ್ರೆ ತಾತ ಅಂತ ನಮಸ್ಕಾರ ಹಾಕ್ತಿದ್ರು."

ನಾನು ಎತ್ತಿ ಕಟ್ಟಿದ್ದ ಪಂಚೆಯನ್ನು ಇಳಿಸಿಕೊಂಡು ಅವಳ ಹಿಂದೆ ನಡೆದೆ.

ಗಂಡನ ಮಾನವನ್ನು ಅವಳು ನಾಲ್ಕು ದಿನ ಕಾಪಾಡಿದಳು. ಶನಿವಾರ ಮಾಮ ಕೆಲಸಕ್ಕೆ ಬಂದಾಗ, ಇಬ್ಬರೂ ಅವರೆಕಾಳು ಬಿಡಿಸುತ್ತಾ ಕೂತಿದ್ದಾಗ, ಎಲ್ಲವನ್ನೂ ಹೇಳಿಬಿಟ್ಟಳು. ಅಡುಗೆಮನೆಯಿಂದ ಒಂದು ನಗು ಹೊರಟಿತು ನೋಡಿ! ಪಾತ್ರೆ ಉರುಳಿತು. ಮಾಮ ಹೊಟ್ಟೆ ಹಿಡಿದುಕೊಂಡು ಹೊರಗೆ ಬಂದಳು, ನನ್ನನ್ನು ಕಂಡಳು, ಮತ್ತೆ ಒಳಗೆ ಓಡಿದಳು. ಅಣ್ಣ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನನಗೆ ಕೋಪವೂ ಬಂತು, ಒಳಗೊಳಗೇ ಹಿತವೂ ಆಯಿತು. ಸಂಜೆಯ ಹೊತ್ತಿಗೆ ಊರಿನ ಮಕ್ಕಳೆಲ್ಲ ನನ್ನನ್ನು ಕಂಡರೆ "ಕುಂಗುರು! ಕುಂಗುರು!" ಎಂದು ಕೂಗಿ ಕುಣಿಯತೊಡಗಿದವು.

ಈ ಸಲ ಬುದ್ಧಿ ಬಂದಿತ್ತು. ಕೋಪ ಮಾಡಿಕೊಳ್ಳುವ ಮೊದಲು ಅರ್ಥ ಕೇಳಿದೆ.

"ಕುಂಗುರು ಅಂದ್ರೇನೇ?"

"ಕಾಗೆ ಕಣ್ರೀ" ಎಂದಳು ಸರೋಜ.

ಭಾನುವಾರ ಕೋಣೆ ತುಂಬಿ ಜನ ಕಿಟಕಿಯ ಹೊರಗೂ ನಿಂತಿದ್ದರು. ಅವರ ಹಾಡನ್ನು ಅವರು ಹಾಡಿದರು, ನಮ್ಮ ಭಜನೆಗೂ ಚಪ್ಪಾಳೆ ಹಾಕಿ ದನಿಗೂಡಿಸಿದರು. ನನ್ನ ಗಂಟಲು ಕೈಕೊಟ್ಟಾಗ ಮಾಮ ಚರಣವನ್ನು ಎತ್ತಿಕೊಂಡು ಹೋದಳು. ವಿಡಿಯೋದಲ್ಲಿ ನೋಡುತ್ತಿದ್ದ ಗುರುಗಳು ಕಣ್ಣೊರೆಸಿಕೊಂಡರು. ಭಜನೆ ಮುಗಿದದ್ದೇ ತಡ, ಇಡೀ ಸಭೆ ನನ್ನತ್ತ ಕೈ ಎತ್ತಿ ಜೈಕಾರ ಹಾಕಿತು:

"ಕುಂಗುರು! ಕುಂಗುರು! ಕುಂಗುರು!"

"ಎಂಥ ಭಾಗ್ಯ ಮೇಷ್ಟ್ರೇ! ಇಷ್ಟು ಬೇಗ ಆ ಜನ ನಿಮ್ಮನ್ನ ಗುರು ಅಂತ ಕರೀತಿದ್ದಾರಲ್ಲ!" ಎಂದರು ಗುರುಗಳು ಗದ್ಗದರಾಗಿ.

ಸರೋಜ ಬಾಯಿಗೆ ಸೆರಗು ತುರುಕಿಕೊಂಡಳು. ನಾನು ಕೈ ಮುಗಿದು, ಕಣ್ಣು ಮುಚ್ಚಿ, ಅತ್ಯಂತ ವಿನಯದಿಂದ ಹೇಳಿದೆ:

"ಅಷ್ಟೊಂದು ದೊಡ್ಡವನಲ್ಲ ಬಿಡಿ, ಗುರುಗಳೇ."