ರನ್‌ವೇ ಮೇಲಿನ ಅತ್ತೆ

ನಮ್ಮತ್ತೆಯ ಮನೆಯ ಮೇಲೆ ವಿಮಾನ ಇಳಿಯುತ್ತದೆ! ನಗಬೇಡಿ. ಇದು ನಾನು ಕಟ್ಟಿದ ಕಥೆಯಲ್ಲ, ಸರ್ಕಾರದ ಕಂಪ್ಯೂಟರ್ ಕೊಟ್ಟ ಹೇಳಿಕೆ. ಸರ್ಕಾರದ ಕಂಪ್ಯೂಟರ್ ಸುಳ್ಳು ಹೇಳುತ್ತದೆಯೇ? ಛೆ ಛೆ!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಹುಟ್ಟಿದ ಕೂಡಲೇ ಅಳುವ ಬದಲು ಸೂಲಗಿತ್ತಿಯನ್ನು ಬೈದಳೆಂದು ನಮ್ಮ ಮನೆಯಲ್ಲಿ ಪ್ರತೀತಿ. ಬೆಂಕಿಪೊಟ್ಟಣ ತಂದರೂ "ತೆರಿಗೆ ಕಟ್ಟಿ ಬಂದೆ ಕಣೋ" ಎನ್ನುತ್ತಾಳೆ. ಸೋಪು ಕೊಂಡ ದಿನವಂತೂ ವಿಧಾನಸೌಧವನ್ನು ತಾನೇ ಸಾಕುತ್ತಿರುವವಳ ಹಾಗೆ ಓಡಾಡುತ್ತಾಳೆ.

ನಾನೋ, ಕಂಡಕಂಡವರ ದನಿ ಕದಿಯುವ ಮಿಮಿಕ್ರಿಯವನು. ಸಿಟಿ ಬಸ್ಸಿನ ಕಂಡಕ್ಟರ್, ಮದುವೆಮನೆಯ ಪುರೋಹಿತರು, ಮಂತ್ರಿಗಳು, ಎಲ್ಲರೂ ನನ್ನ ಗಂಟಲಲ್ಲಿ ಪುಕ್ಕಟೆ ವಾಸವಾಗಿದ್ದಾರೆ. ನನ್ನ ಸ್ವಂತ ದನಿ ಯಾವುದೆಂದು ನನಗೇ ಮರೆತಿದೆ. ಅದನ್ನು ಕೇಳಲು ಯಾರೂ ಬರುವುದಿಲ್ಲವಾದ್ದರಿಂದ ನಷ್ಟವೇನಿಲ್ಲ.

ಅತ್ತೆಗೆ ಮನೆ ಬೇಕಿತ್ತು. ಅವಳಿಗಿಂತ ಹೆಚ್ಚಾಗಿ ಮಾವನಿಗೆ. ಮಾವ ಭದ್ರಾವತಿಯ ಕಾರ್ಖಾನೆಯೊಂದರಲ್ಲಿದ್ದಷ್ಟು ಕಾಲ ಇಬ್ಬರಿಗೂ ಕ್ವಾರ್ಟರ್ಸೇ ಗತಿ. ಪಾಳಿ ಮುಗಿಸಿ ಬಂದವರು ಸೈಕಲ್ ಒರಗಿಸಿ, ಇಡೀ ಸಾಲಿಗೆ ಕೇಳುವಂತೆ ಕೂಗುತ್ತಿದ್ದರು: "ಏ ಮಾರಾಯ್ತೀ, ಬಾಗ್ಲು ತೆಗಿಯೇ! ಹೊಟ್ಟೆ ಹಸೀತಿದೆ!"

ಒಳಗಿನಿಂದ ಅತ್ತೆ: "ಇರ್ರೀ, ಬಾಗ್ಲೇನು ಓಡಿ ಹೋಗತ್ತಾ!"

ಬಾಗಿಲು ತೆರೆದ ಮೇಲೆ ಮಾವ ಅದನ್ನೊಮ್ಮೆ ತಟ್ಟಿ, "ಇದು ಕಾರ್ಖಾನೆ ಬಾಗ್ಲು. ನಮ್ದೇ ಬಾಗ್ಲಲ್ಲಿ ಒಂದಿನ ಕೂಗ್ತೀನಿ, ನೋಡ್ತಿರು" ಎನ್ನುತ್ತಿದ್ದರು.

ನಿವೃತ್ತಿಯಾಯಿತು. ಈಗ ವಿಮಾನ ನಿಲ್ದಾಣ ಬಂದಿರುವ ಸೋಗಾನೆಯ ಪಕ್ಕದ ಹಳ್ಳಿಯಲ್ಲಿ, ಅತ್ತೆಯ ತವರಿನವರು, ಅಂದರೆ ನಮ್ಮ ಮನೆಯವರೇ, ಕೊಟ್ಟ ತುಂಡು ಜಾಗದಲ್ಲಿ ತಗಡಿನ ಶೆಡ್ಡು ಎದ್ದಿತು. ಅದಕ್ಕೆ ಬಾಗಿಲೇ ಇಲ್ಲ, ಗೋಣಿಯ ಪರದೆ. ಪರದೆಯ ಮುಂದೆ ನಿಂತು ಏನೆಂದು ಕೂಗುವುದು? ಮಾವ ತಲೆ ಬಗ್ಗಿಸಿ ಸುಮ್ಮನೆ ಒಳಗೆ ಬರುತ್ತಿದ್ದರು.

ಕೊನೆಗೆ ಸರ್ಕಾರದ ವಸತಿ ಯೋಜನೆಯಲ್ಲಿ ಅತ್ತೆಯ ಹೆಸರಿಗೆ ಮನೆ ಮಂಜೂರಾಯಿತು. ತಳಪಾಯ, ಗೋಡೆ, ಸೂರು ಹೀಗೆ ಒಂದೊಂದು ಹಂತ ಮುಗಿದಾಗಲೂ ಫಲಾನುಭವಿ ಅದರ ಮುಂದೆ ನಿಲ್ಲಬೇಕು. ಪಂಚಾಯಿತಿಯವರು ಮೊಬೈಲಿನಲ್ಲಿ ಫೋಟೋ ಹೊಡೆಯಬೇಕು. ಜಾಗ ಎಲ್ಲಿದೆಯೆಂದು ಮೊಬೈಲೇ ಸರ್ಕಾರಕ್ಕೆ ತಿಳಿಸುತ್ತದೆ, ಆಮೇಲೆ ಕಂತು. ಗೋಡೆಯ ಫೋಟೋ ತೆಗೆಯುವಾಗ "ಸ್ವಲ್ಪ ನಗಿ ಅಮ್ಮ" ಎಂದದ್ದಕ್ಕೆ ಅತ್ತೆ, "ಸೂರು ಬರ್ಲಿ, ನಗ್ತೀನಿ. ಗೋಡೆಗೆ ಇಷ್ಟೇ" ಎಂದು ಹುಬ್ಬು ಗಂಟಿಕ್ಕಿದಳು. ಆ ಮುಖಕ್ಕೆ ಹೆದರಿತೋ ಏನೋ, ಮೊಬೈಲು ಮನೆಯನ್ನು ಎತ್ತಿಕೊಂಡು ಹೋಗಿ ಸರ್ಕಾರದ ನಕ್ಷೆಯಲ್ಲಿ ವಿಮಾನ ನಿಲ್ದಾಣದ ರನ್‌ವೇ ಮೇಲೆ ಇಟ್ಟುಬಿಟ್ಟಿತು! ಕಂತು ನಿಂತಿತು.

ಅತ್ತೆ ನನ್ನನ್ನು ಕಟ್ಟಿಕೊಂಡು ಶಿವಮೊಗ್ಗದ ಕಚೇರಿಗೆ ದಂಡೆತ್ತಿದಳು.

"ಅಮ್ಮಾ, ಸಿಸ್ಟಮ್‌ನಲ್ಲಿ ಹಂಗೇ ತೋರಿಸ್ತಿದೆ. ನಾನೇನ್ ಮಾಡ್ಲಿ?" ಎಂದರು ಸಾಹೇಬರು.

"ಆ ಸಿಸ್ಟಮ್‌ನ ಕರೀರಿ, ನಾನೇ ಮಾತಾಡ್ತೀನಿ."

"ಅದು ಬೆಂಗಳೂರಲ್ಲಿದೆ."

"ಹಂಗಾದ್ರೆ ವಿಮಾನ ಬರೋ ಹೊತ್ತು ಹೇಳ್ಬಿಡಿ ಸ್ವಾಮಿ. ಅಷ್ಟರೊಳಗೆ ಹಾಸಿಗೆ ಸುತ್ತಿ ರನ್‌ವೇ ಬಿಟ್ಟು ಪಕ್ಕಕ್ಕೆ ಹೋಗ್ತೀವಿ."

ಕಚೇರಿಯೆಲ್ಲ ನಕ್ಕಿತು. ಫೈಲು ನಗಲಿಲ್ಲ.

ಆಮೇಲೆ ನನ್ನ ಪ್ರತಿಭೆಯ ಸರದಿ. "ದಿನಾ ಮಂಗನ ಹಾಗೆ ಆಡ್ತೀಯಲ್ಲ, ಒಂದ್ಸಲ ಉಪಯೋಗಕ್ಕೆ ಬಾರೋ" ಎಂದು ಅತ್ತೆ ಹುಕುಂ ಹೊರಡಿಸಿದಳು. ಮಂತ್ರಿಯೊಬ್ಬರ ಗಡಸು ದನಿಯಲ್ಲಿ ಸಾಹೇಬರಿಗೆ ಫೋನಾಯಿಸಿದೆ. "ನಮಸ್ಕಾರ ಸಾರ್, ನಾನು ಮಂತ್ರಿ ಮಾತಾಡ್ತಿರೋದು..."

"ಲೋ, ಮಂತ್ರಿ ಯಾವತ್ತೋ ನಮಗೆ ಸಾರ್ ಅಂದಿದಾರೆ? ಇಡೋ ಫೋನು!"

ದನಿ ಕದ್ದಿದ್ದೆ, ದರ್ಪ ಕದಿಯುವುದನ್ನು ಮರೆತಿದ್ದೆ.

ನಗುತ್ತಿದ್ದೀರಾ? ನಾವೂ ನಗುತ್ತಿದ್ದೆವು. ಆ ನಡುವೆ ಒಂದು ಮುಂಜಾನೆ, ಸೂರಿಲ್ಲದ ಗೋಡೆಗಳ ಪಕ್ಕದ ಶೆಡ್ಡಿನಲ್ಲಿ, ಮಾವ ಮಲಗಿದವರು ಏಳಲಿಲ್ಲ. ನನಗೆ ಮೈಯುರಿಯುವುದು ಎಲ್ಲಿ ಗೊತ್ತೆ? ದುಡ್ಡಿತ್ತು. ಮಂಜೂರಾಗಿ, ಸಹಿಯಾಗಿ ಕೂತಿತ್ತು. ಸಾಹೇಬರು ಕುರ್ಚಿಯಿಂದೆದ್ದು ಬಂದು ಒಂದು ಸಲ ಗೋಡೆ ನೋಡಿದ್ದರೆ ಮುಗಿಯುತ್ತಿತ್ತು. ಒಬ್ಬ ಮನುಷ್ಯನ ಬಾಗಿಲನ್ನು ಒಂದು ಮೊಬೈಲು ನುಂಗಿದ್ದಕ್ಕೆ ಯಾರ ಮೇಲೆ ಕೇಸು ಹಾಕುವುದು?

ತಿಥಿಯ ದಿನ ಅತ್ತೆಯನ್ನು ನಗಿಸೋಣವೆಂದು ಮಾವನ ದನಿ ತೆಗೆದೆ. ಅವಳು ಸೌಟು ಎತ್ತಿದಳು. "ಅವರ ದನಿ ಇನ್ನೊಂದ್ಸಲ ನಿನ್ನ ಬಾಯಲ್ಲಿ ಬಂತೋ, ಹಲ್ಲು ಉದುರಿಸ್ತೀನಿ!" ಅಲ್ಲಿಗೆ ಮುಗಿಯಿತು.

ಮಾರನೆಯ ವಾರ ಅವಳು ಕಚೇರಿಗೆ ಹೋಗಿ ಸಾಹೇಬರ ಜೀಪನ್ನೇ ಹತ್ತಿ ಕೂತಳು. ಇಳಿ ಅಂದರೆ ಇಳಿಯಳು. ಜೀಪು ಹಳ್ಳಿಗೆ ಬಂತು. ಉರಿಬಿಸಿಲಿನಲ್ಲಿ ಸಾಹೇಬರನ್ನು ಗೋಡೆಯ ಮುಂದೆ ನಿಲ್ಲಿಸಿದಳು. ಅಷ್ಟರಲ್ಲಿ, ನಿಮ್ಮಾಣೆ, ನೆತ್ತಿಯ ಮೇಲೆ ವಿಮಾನವೊಂದು ಗುಡುಗುತ್ತ ಹಾದುಹೋಯಿತು.

"ನೋಡಿದ್ರಾ? ಮೇಲಿಂದ ಹೋಯ್ತು. ಇಳೀಲಿಲ್ಲ. ಹೋಗಿ ನಿಮ್ಮ ಸಿಸ್ಟಮ್‌ಗೆ ಹೇಳಿ!"

ಸಾಹೇಬರು ಅಲ್ಲೇ ನಿಂತು ಹೊಸ ಫೋಟೋ ಹೊಡೆಸಿದರು. ಕಂತು ಬಂತು, ಸೂರು ಬಂತು. ಬೆನ್ನಿಗೇ ಓಣಿಗೆ ನಲ್ಲಿ, ಸಿಮೆಂಟ್ ರಸ್ತೆ. ನಿಜ ಹೇಳಬೇಕಲ್ಲ, ಚೆನ್ನಾಗಿಯೇ ಬಂದವು. ದೂರದ ಬೋರ್‌ವೆಲ್ಲಿನಿಂದ ಕೊಡ ಹೊರುತ್ತಿದ್ದ ಹೆಂಗಸರು ಈಗ ಮನೆಮುಂದೆಯೇ ನೀರು ಹಿಡಿಯುತ್ತಾರೆ. ಕೆಸರಿನಲ್ಲಿ ಹೂತುಹೋಗುತ್ತಿದ್ದ ಆಟೋ ಈಗ ಅಂಗಳದವರೆಗೂ ಬರುತ್ತದೆ. ನನ್ನ ಸಿಟ್ಟು ಅದಕ್ಕೇ ಇನ್ನೂ ಹೆಚ್ಚು. ಇವರಿಗೆ ಮಾಡಲು ಬರುವುದಿಲ್ಲವೆಂದಲ್ಲ, ಬರುತ್ತದೆ! ಮಾವ ಇದ್ದಾಗ ಯಾಕೆ ಬರಲಿಲ್ಲ?

ಗೃಹಪ್ರವೇಶದ ಬೆಳಿಗ್ಗೆ ಊರಿನ ಮುಖಂಡರು ಕತ್ತರಿ, ರಿಬ್ಬನ್ನು, ಫೋಟೋದವನ ಸಮೇತ ಹಾಜರು. "ನಾವು ಕೊಟ್ಟ ಮನೆ ಅಲ್ವಾ ಅಮ್ಮಾ, ಒಂದು ಫೋಟೋ!"

"ನಾನು ಬೆಂಕಿಪೊಟ್ಟಣ ತಗೊಂಡಾಗೆಲ್ಲ ತೆರಿಗೆ ಕಟ್ಟಿದೀನಿ. ಅವತ್ತು ಯಾರೂ ರಿಬ್ಬನ್ ಹಿಡ್ಕೊಂಡು ಬರ್ಲಿಲ್ವಲ್ಲ ಮಾರಾಯ? ಊಟ ಇದೆ, ಉಂಡ್ಕೊಂಡು ಹೋಗಿ."

ಅಷ್ಟಂದವಳೇ ಒಬ್ಬಳೇ ಒಳಗೆ ಹೋಗಿ ಧಡಾರನೆ ಬಾಗಿಲು ಹಾಕಿ ಚಿಲಕ ಜಡಿದಳು! ಪುರೋಹಿತರು ಹೊರಗೆ, ಕಳಶ ಹೊರಗೆ, ಮುಖಂಡರು ಹೊರಗೆ. "ಮುಹೂರ್ತ ಮೀರ್ತಿದೆಯಲ್ಲಪ್ಪಾ!" ಎಂದು ಪುರೋಹಿತರು ಗೋಳಿಟ್ಟರು. ಅತ್ತೆಗೆ ಇದೆಂಥ ಹೊಸ ಹುಚ್ಚು?

ಒಳಗಿನಿಂದ ದನಿ ಬಂತು. "ಏಯ್ ಮಂಗ, ಇದೀಯೇನೋ ಅಲ್ಲಿ?"

"ಇದೀನಿ ಅತ್ತೆ."



"ಅವರ ಹಾಗೆ ಕೂಗೋ. ಒಂದೇ ಸಲ."

ಗಂಟಲಲ್ಲಿ ಪುಕ್ಕಟೆ ವಾಸವಾಗಿದ್ದವರನ್ನೆಲ್ಲ ಪಕ್ಕಕ್ಕೆ ಸರಿಸಿದೆ. ಕೆಮ್ಮಿದೆ. ಒರಗಿಸಲು ಸೈಕಲ್ ಇರಲಿಲ್ಲ, ಗೋಡೆಗೆ ಕೈ ಒರಗಿಸಿದೆ. ಇಡೀ ಓಣಿಗೆ ಕೇಳುವಂತೆ ಕೂಗಿದೆ.

"ಏ ಮಾರಾಯ್ತೀ, ಬಾಗ್ಲು ತೆಗಿಯೇ! ಹೊಟ್ಟೆ ಹಸೀತಿದೆ!"

ಮುಖಂಡರು ಕತ್ತರಿ ಜೇಬಿಗಿಳಿಸಿದರು. ಪುರೋಹಿತರು ಕಳಶ ಎತ್ತಿಕೊಂಡರು. ಒಳಗೆ ಬಳೆ ಸದ್ದಾಯಿತು, ಬಾಗಿಲನ್ನು ಒಮ್ಮೆ ಮೆಲ್ಲಗೆ ತಟ್ಟಿದಂತಾಯಿತು.

"ಇರ್ರೀ," ಎಂದಳು ಅತ್ತೆ, "ಬಾಗ್ಲೇನು ಓಡಿ ಹೋಗತ್ತಾ..."

ಚಿಲಕ ಸರಿಯಿತು. ಅತ್ತೆಯ ಆ ದನಿಯನ್ನು ಅಣಕಿಸಲು ನಾನು ಇವತ್ತಿನವರೆಗೂ ಬಾಯಿ ತೆರೆದಿಲ್ಲ.